ಆದಿವಾಲದ ಮಗುವಿಗೆ ಯಾರ ಮನೆಯ ಇಂಗ್ಲಿಷ್?

ವಾಣಿವಿಲಾಸ ಸಾಗರದಲ್ಲಿ ಇವತ್ತು ನೀರು ಎಷ್ಟು ಅಡಿ ಇದೆ ಎಂದು ಹಿರಿಯೂರು ತಾಲ್ಲೂಕಿನ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ಈ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ. ನೀರು 130 ಅಡಿ ಮುಟ್ಟಿದರೆ ಕೋಡಿ ಬೀಳುತ್ತದೆ, ವೇದಾವತಿಯ ದಂಡೆಯವರು ಹುಷಾರಾಗಿರಬೇಕು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅಳತೆ ಇರುವುದರಿಂದಲೇ ಮುನ್ನೆಚ್ಚರಿಕೆ ಸಾಧ್ಯ.

ಇದೇ ತಾಲ್ಲೂಕಿನ ಶಾಲೆಗಳಲ್ಲಿ, ಹೆದ್ದಾರಿ ಬದಿಯ ಆದಿವಾಲದಂಥ ಊರುಗಳಲ್ಲಿ, ಈಗ ಇನ್ನೊಂದು ಮಟ್ಟ ಏರುತ್ತಿದೆ. ಅದಕ್ಕೆ ಯಾರೂ ಅಳತೆಗೋಲು ನೆಟ್ಟಿಲ್ಲ. ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಹೆಸರಿನಲ್ಲಿ ನಾವು ಇಂಗ್ಲಿಷಿನ ಜೊತೆಗೆ ಬೇರೆ ಯಾರದೋ ಮನೆಯ ನಂಬಿಕೆಗಳನ್ನೂ ತಂದು ತರಗತಿಯಲ್ಲಿ ಕೂರಿಸುತ್ತಿದ್ದೇವೆ. ಅವುಗಳಿಂದ ಆಗುವ ನಷ್ಟ ಇವತ್ತು ಕಾಣುವುದಿಲ್ಲ. ಈಗ ಒಂದನೇ ತರಗತಿಯಲ್ಲಿರುವ ಮಗು ಎಸ್ಸೆಸ್ಸೆಲ್ಸಿಗೆ ಬಂದಾಗ ಕಾಣುತ್ತದೆ, ಆಗ ಸರಿಪಡಿಸಲು ಕಾಲ ಮೀರಿರುತ್ತದೆ. ಆದ್ದರಿಂದ ಈ ಮಾತನ್ನು ಈಗಲೇ ಹೇಳಬೇಕಾಗಿದೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಈ ಎಚ್ಚರಿಕೆ ಇಂಗ್ಲಿಷಿನ ವಿರುದ್ಧ ಅಲ್ಲ. ಬೆಳಗಾದರೆ ಪಟ್ಟಣದ ಕಾನ್ವೆಂಟಿನ ವ್ಯಾನು ಬಂದು ಉಳ್ಳವರ ಮಕ್ಕಳನ್ನು ಕರೆದೊಯ್ಯುವುದನ್ನು ನೋಡುತ್ತ ನಿಂತ ಕೂಲಿಕಾರ ತಾಯಿ, ‘ನನ್ನ ಮಗುವಿಗೂ ಇಂಗ್ಲಿಷ್ ಬರಲಿ’ ಎಂದರೆ ಅದು ನ್ಯಾಯವಾದ ಬೇಡಿಕೆ. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ಆ ತಾಯಿಗೆ ಮಾತ್ರ ಕನ್ನಡಾಭಿಮಾನ ಬೋಧಿಸುವವರಿಗೆ ಈ ವಿಷಯದಲ್ಲಿ ಮಾತನಾಡುವ ನೈತಿಕ ಹಕ್ಕಿಲ್ಲ. ಇಂಗ್ಲಿಷ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಪೋಷಕರು ತೀರ್ಮಾನಿಸಿ ಆಗಿದೆ. ಉಳಿದಿರುವುದು ಹೇಗೆ ಕಲಿಸುತ್ತೇವೆ, ಯಾವ ನಂಬಿಕೆಯ ಮೇಲೆ ಕಲಿಸುತ್ತೇವೆ ಎಂಬ ಪ್ರಶ್ನೆ.

ವೇಗ ನೋಡಿ. 2007-08ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆದವು. ಅದಕ್ಕೂ ಮೊದಲು, 2019ರ ಜನವರಿಯಲ್ಲಿ, ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಚಂದ್ರಶೇಖರ ಕಂಬಾರರು ಇದನ್ನು ವಿರೋಧಿಸಿದ್ದರು. ಪೋಷಕರು ಸಾಲುಗಟ್ಟಿ ಮಕ್ಕಳನ್ನು ಸೇರಿಸಿದರು. 2024-25ರ ಬಜೆಟ್ಟು ಇನ್ನೂ 2,000 ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ತರುವುದಾಗಿ ಹೇಳಿತು. 2025ರ ಆಗಸ್ಟಿನಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಕೊಟ್ಟ ವರದಿ ಮಾತ್ರ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಕಲಿಕೆಯ ಮಾಧ್ಯಮವಾಗಿರಲಿ ಎಂದಿತು. ಬಜೆಟ್ಟು ಒಂದು ಕಡೆ, ಆಯೋಗ ಇನ್ನೊಂದು ಕಡೆ. ನಡುವೆ ಸೀಮೆಸುಣ್ಣ ಹಿಡಿದು ನಿಂತಿರುವುದು ತಾನೂ ಕನ್ನಡ ಮಾಧ್ಯಮದಲ್ಲೇ ಓದಿ ಬಂದ ನಮ್ಮ ಮೇಷ್ಟ್ರು.

ಆ ಮೇಷ್ಟ್ರ ತಲೆಯಲ್ಲಿ, ನಮ್ಮೆಲ್ಲರ ತಲೆಯಲ್ಲೂ, ಇಂಗ್ಲಿಷ್ ಕಲಿಕೆಯ ಬಗ್ಗೆ ಕೆಲವು ನಂಬಿಕೆಗಳು ಬೇರುಬಿಟ್ಟಿವೆ. ಇಂಗ್ಲಿಷ್ ಪಾಠದಲ್ಲಿ ಕನ್ನಡ ಬರಬಾರದು. ಇಂಗ್ಲಿಷ್ ಮನೆಮಾತಾಗಿರುವವರೇ ಒಳ್ಳೆಯ ಇಂಗ್ಲಿಷ್ ಟೀಚರು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಎಷ್ಟು ಹೆಚ್ಚು ಇಂಗ್ಲಿಷ್ ಸುರಿದರೆ ಅಷ್ಟು ಲಾಭ. ಬೇರೆ ಭಾಷೆ ಬಳಸಿದರೆ ಇಂಗ್ಲಿಷಿನ ಮಟ್ಟ ಕುಸಿಯುತ್ತದೆ. ಇವು ನಮ್ಮ ಊರಿನ ಅನುಭವದಿಂದ ಹುಟ್ಟಿದ ಮಾತುಗಳಲ್ಲ. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಸಮ್ಮೇಳನವೊಂದು ನಡೆಯಿತು. ಸಾಮ್ರಾಜ್ಯ ಕರಗುತ್ತಿದ್ದ ಕಾಲ ಅದು. ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಇಂಗ್ಲಿಷನ್ನು ಹೇಗೆ ಕಲಿಸಬೇಕು ಎಂಬುದು ಅಲ್ಲಿನ ಚರ್ಚೆ. ಆ ಚಿಂತನೆಯಿಂದ ಹೊರಟ ಈ ಐದು ಸೂತ್ರಗಳನ್ನು ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಒಂದೊಂದಾಗಿ ಬಿಡಿಸಿಟ್ಟು, ಐದೂ ತಪ್ಪು ತಿಳಿವಳಿಕೆಗಳು ಎಂದು ವಾದಿಸಿದರು. ವಿದ್ವಾಂಸರ ಲೋಕದಲ್ಲಿ ಆ ಐದೂ ಪ್ರಶ್ನೆಗೆ ಒಳಗಾಗಿ ಮೂವತ್ತು ವರ್ಷ ದಾಟಿದೆ. ನಮ್ಮ ಶಾಲೆಯ ಗೋಡೆಗಳ ಮೇಲೆ ಅವು ಇನ್ನೂ ಬರೆದ ಬರಹವಾಗಿಯೇ ಉಳಿದಿವೆ.

ಇದು ದೊಡ್ಡ ದೊಡ್ಡ ಪುಸ್ತಕದ ಮಾತು ಎನ್ನಿಸಬಹುದು. ಒಂದು ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರು ಯಾವುದಾದರೂ ಆಗಲಿ: ಆದಿವಾಲ, ಹೊಸದುರ್ಗದ ಕಡೆಯ ಒಂದು ಹಟ್ಟಿ, ಹೊಳಲ್ಕೆರೆ ಕಡೆಯ ಒಂದು ತಾಂಡಾ. ‘ಮೈ ಫ್ಯಾಮಿಲಿ’ ಪಾಠ. ಚಿತ್ರದಲ್ಲಿ ಅಪ್ಪ, ಅಮ್ಮ, ಒಬ್ಬ ಹುಡುಗ, ಒಬ್ಬಳು ಹುಡುಗಿ. ಟೀಚರು ಒಬ್ಬಳು ಹುಡುಗಿಯನ್ನು ಎಬ್ಬಿಸಿ, ನಿನಗೆ ಎಷ್ಟು ಜನ ಬ್ರದರ್ಸ್ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವಳು ಬೆರಳು ಮಡಚುತ್ತಾಳೆ. ಒಡಹುಟ್ಟಿದ ತಮ್ಮ ಒಬ್ಬ. ದೊಡ್ಡಪ್ಪನ ಮಕ್ಕಳು ಇಬ್ಬರು. ಚಿಕ್ಕಪ್ಪನ ಮಗ ಒಬ್ಬ. ಚಿಕ್ಕಮ್ಮನ ಮಗ ಒಬ್ಬ. ‘ಫೈವ್’ ಎನ್ನುತ್ತಾಳೆ. ಟೀಚರು ತಲೆ ಅಲ್ಲಾಡಿಸಿ, ‘ನೋ, ಒನ್’ ಎನ್ನುತ್ತಾರೆ. ಹುಡುಗಿ ಕೂರುತ್ತಾಳೆ.

ಆ ಹುಡುಗಿ ಲೆಕ್ಕದಲ್ಲಿ ತಪ್ಪಿಲ್ಲ. ದೊಡ್ಡಪ್ಪನ ಮಗ ಅವಳಿಗೆ ಅಣ್ಣನೇ. ಸೋದರಮಾವನ ಮಗನನ್ನು ಅವಳು ಎಣಿಸಲೇ ಇಲ್ಲ, ಏಕೆಂದರೆ ಅವನು ಭಾವ. ಅಣ್ಣನ ಎದುರಿನ ಸಲುಗೆ ಬೇರೆ, ಭಾವನ ಎದುರಿನ ಸಲುಗೆ ಬೇರೆ. ಆರು ವರ್ಷದ ಮಗುವಿಗೂ ಅದು ಗೊತ್ತು. ಇಂಗ್ಲಿಷಿನ ‘ಕಸಿನ್’ ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಆ ಐದು ನಿಮಿಷದಲ್ಲಿ ಟೀಚರು ಕನ್ನಡದಲ್ಲಿ ಮಾತಾಡಿ, ಕಪ್ಪುಹಲಗೆಯ ಮೇಲೆ ಅವಳ ಮನೆಯವರನ್ನೆಲ್ಲ ಬರೆದು, ‘ನಾವು ಹೀಗೆ ಕರೆಯುತ್ತೇವೆ, ಇಂಗ್ಲಿಷಿನವರು ಹೀಗೆ ಕರೆಯುತ್ತಾರೆ’ ಎಂದು ತೋರಿಸಿದ್ದರೆ ಹುಡುಗಿಗೆ ‘ಬ್ರದರ್’, ‘ಕಸಿನ್’ ಎರಡೂ ಜನ್ಮಕ್ಕೆ ಮರೆಯುತ್ತಿರಲಿಲ್ಲ. ಆದರೆ ಪಾಠದಲ್ಲಿ ಕನ್ನಡ ಬರಬಾರದು ಎಂಬ ನಂಬಿಕೆ ಅಡ್ಡ ನಿಂತಿತು. ತನ್ನ ಮನೆಯ ಬಗ್ಗೆ ತನಗೆ ಗೊತ್ತಿರುವುದೇ ತಪ್ಪು ಎಂಬುದಷ್ಟೇ ಅವಳು ಆ ದಿನ ಕಲಿತ ಇಂಗ್ಲಿಷ್.

ಇಂಥದ್ದು ಒಂದೇ ಅಲ್ಲ. ಹೆಡ್‌ಮಾಸ್ಟರ್ ಬಗ್ಗೆ ಮೂರು ವಾಕ್ಯ ಬರೆ ಎಂದರೆ ಮಗು ಮೂರು ವಾಕ್ಯದಲ್ಲೂ ‘ಹೆಡ್‌ಮಾಸ್ಟರ್’ ಎಂದೇ ಬರೆಯುತ್ತದೆ. ‘ಹೀ’ ಬಳಸಬೇಕಿತ್ತು ಎಂದು ಕೆಂಪು ಗೆರೆ ಬೀಳುತ್ತದೆ. ಮಗುವಿಗೆ ಸರ್ವನಾಮ ಗೊತ್ತಿಲ್ಲವೆಂದಲ್ಲ. ‘ಹೀ’ ಎಂದರೆ ‘ಅವನು’ ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ, ಹೆಡ್‌ಮಾಸ್ಟರನ್ನು ‘ಅವನು’ ಎನ್ನಲು ಅದರ ನಾಲಿಗೆ ಏಳುವುದಿಲ್ಲ. ‘ಯು’ ಎಂಬ ಪದಕ್ಕೆ ನೀನು, ನೀವು ಎಂಬ ಭೇದವಿಲ್ಲ. ಅದಕ್ಕೇ ನಮ್ಮ ಮಕ್ಕಳು ಪ್ರತಿ ಮಾತಿಗೂ ‘ಸರ್’, ‘ಮಿಸ್’ ಸೇರಿಸುತ್ತಾರೆ. ಕನ್ನಡದ ‘ರೀ’ಯನ್ನು, ಬಹುವಚನವನ್ನು ಅವರು ತಮಗೆ ಸಿಕ್ಕಿದ ಇಂಗ್ಲಿಷಿನಲ್ಲಿ ಕಾಪಾಡಿಕೊಳ್ಳುವ ರೀತಿ ಅದು. ‘ಹೀ’ ಎಂಬುದರಲ್ಲಿ ‘ಅವನು’ ಮತ್ತು ‘ಅವರು’ ಎರಡೂ ಇವೆ ಎಂದು ಒಮ್ಮೆ ಹೇಳಿದರೆ ಸಾಕು, ಮಗುವಿನ ಹಿಂಜರಿಕೆ ಅರ್ಧ ಕರಗುತ್ತದೆ. ಆದರೆ ಹಾಗೆ ಹೇಳಬೇಕಾದರೆ ಟೀಚರಿಗೆ ಮಗುವಿನ ಕನ್ನಡದೊಳಗಿನ ಮರ್ಯಾದೆಯ ಲೆಕ್ಕ ಮುಖ್ಯ ಅನ್ನಿಸಬೇಕು.

ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ಇಲ್ಲಿ ಗೌರವ. ಮಾತಿನ ಇಂಗ್ಲಿಷ್ ಕಲಿಸುವವರ ಕಣ್ಣಿಗೆ ಅದು ಆತ್ಮವಿಶ್ವಾಸದ ಕೊರತೆ. ಕೇಳಿದ್ದಕ್ಕಷ್ಟೇ ಉತ್ತರಿಸುವುದು ಇಲ್ಲಿ ಸಂಸ್ಕಾರ. ಅಲ್ಲಿ ಅದು ದಡ್ಡತನ. ‘ಊಟ ಆಯ್ತಾ?’ ಎಂಬುದು ಇಲ್ಲಿ ಕುಶಲ ವಿಚಾರಿಸುವ ಮೊದಲ ಮಾತು. ಅದನ್ನೇ ಮಗು ಇಂಗ್ಲಿಷಿನಲ್ಲಿ ಕೇಳಿದರೆ ತಿದ್ದುತ್ತೇವೆ. ‘ಬೆಳಿಗ್ಗೆ ಏನು ತಿಂದೆ’ ಎಂಬ ಪ್ರಶ್ನೆಗೆ ಪುಸ್ತಕದ ಉತ್ತರ ಬ್ರೆಡ್ಡು, ಮೊಟ್ಟೆ. ರಾತ್ರಿಯ ಮುದ್ದೆ ಉಂಡು ಬಂದ ಹುಡುಗ ಬ್ರೆಡ್ಡು ಎಂದೇ ಬರೆಯುತ್ತಾನೆ, ರೈಟ್ ಮಾರ್ಕ್ ಬೀಳುತ್ತದೆ. ತನ್ನ ಬಗ್ಗೆ ಸುಳ್ಳು ಬರೆಯುವುದಕ್ಕೇ ಇಂಗ್ಲಿಷ್ ಎನ್ನುತ್ತಾರೆ ಎಂದು ಅವನು ಆರನೇ ವಯಸ್ಸಿಗೇ ಕಲಿಯುತ್ತಾನೆ. ಮಳೆಯನ್ನು ಗದರಿಸಿ ಓಡಿಸುವ ಆ ಪುಟ್ಟ ಇಂಗ್ಲಿಷ್ ಪದ್ಯವನ್ನು ಮೋಡಕ್ಕಾಗಿ ಆಕಾಶ ನೋಡುತ್ತ ಶೇಂಗಾ, ಈರುಳ್ಳಿ ಬೆಳೆಯುವವರ ಮಕ್ಕಳು ಕೈ ಬೀಸುತ್ತ ಹಾಡುತ್ತಾರೆ. ತಪ್ಪು ಆ ಪದ್ಯದ್ದಲ್ಲ, ಅದು ಹುಟ್ಟಿದ ನಾಡಿನಲ್ಲಿ ಮಳೆ ಬೇಸರ ತರಿಸುವಷ್ಟು ಬೀಳುತ್ತದೆ. ಆ ನಾಡಿಗೂ ಈ ನಾಡಿಗೂ ಇರುವ ವ್ಯತ್ಯಾಸವನ್ನು ಒಂದು ಮಾತಿನಲ್ಲಾದರೂ ಹೇಳದೆ ಹಾಡಿಸುವುದು ನಮ್ಮ ತಪ್ಪು.

ಇನ್ನು ‘ಬೇಗ ಶುರು ಮಾಡಿ, ಹೆಚ್ಚು ಸುರಿಯಿರಿ’ ಎಂಬ ನಂಬಿಕೆ. ಕೆನಡಾಕ್ಕೆ ವಲಸೆ ಬಂದ ಮಕ್ಕಳನ್ನು ಅಧ್ಯಯನ ಮಾಡಿದ ಜಿಮ್ ಕಮಿನ್ಸ್ ಒಂದು ಮುಖ್ಯ ವಿಷಯ ಗುರುತಿಸಿದರು. ಆಟದ ಬಯಲಿನ ಇಂಗ್ಲಿಷ್ ಮಕ್ಕಳಿಗೆ ಸುಮಾರು ಎರಡು ವರ್ಷಗಳಲ್ಲಿ ಬರುತ್ತದೆ. ಪಾಠ ಓದಿ ಅರ್ಥ ಮಾಡಿಕೊಂಡು ಸ್ವಂತವಾಗಿ ಬರೆಯುವ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ಮನೆಮಾತಿನಲ್ಲಿ ಓದು ಬರಹ ಗಟ್ಟಿಯಾದರೆ ಆ ಶಕ್ತಿ ಎರಡನೇ ಭಾಷೆಗೂ ಒದಗುತ್ತದೆ. ನೆನಪಿಡಿ, ಅದು ಕೆನಡಾ. ಆ ಮಕ್ಕಳ ಸುತ್ತ ಅಂಗಡಿ, ಬಸ್ಸು, ಬೀದಿ, ಟಿವಿ ಎಲ್ಲವೂ ಇಂಗ್ಲಿಷ್. ಅಂಥ ಕಡೆಯೇ ಐದರಿಂದ ಏಳು ವರ್ಷ ಬೇಕಾದರೆ, ಶಾಲೆಯ ಗೇಟು ದಾಟಿದ ಕೂಡಲೇ ಕನ್ನಡ, ತೆಲುಗು, ಲಂಬಾಣಿ, ಉರ್ದು ಮಾತ್ರ ಕೇಳುವ ನಮ್ಮ ಮಗು ಒಂದನೇ ತರಗತಿಯಲ್ಲಿ ಗಣಿತವನ್ನು ಇಂಗ್ಲಿಷಿನಲ್ಲಿ ಹೇಗೆ ಅರ್ಥ ಮಾಡಿಕೊಳ್ಳಬೇಕು? ಹಿರಿಯೂರಿನ ಧರ್ಮಪುರ ಹೋಬಳಿ ಆಂಧ್ರಕ್ಕೆ ಅಂಟಿಕೊಂಡಿದೆ. ಅಲ್ಲಿ ಕನ್ನಡವೇ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಕಲಿಯುವ ಭಾಷೆ. ತಾಂಡಾದ ಮಗುವಿನದೂ ಅದೇ ಕತೆ. ಅವರಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯದು. ಅವರ ಮನೆಮಾತಿನ ಮೇಲೂ ನಮ್ಮ ಕನ್ನಡ ತರಗತಿಗಳು ಇದೇ ತಪ್ಪು ಮಾಡಿವೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಎರಡು ಭಾಷೆಯನ್ನು ಪಕ್ಕಪಕ್ಕ ಇಟ್ಟು ಕಲಿಯುವುದು ನಮಗೆ ಹೊಸದಲ್ಲ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡ ಕಲಿತದ್ದು ತನಗೆ ಗೊತ್ತಿದ್ದ ಭಾಷೆಗಳನ್ನು ಬಾಗಿಲ ಹೊರಗಿಟ್ಟಲ್ಲ. ಒಂದೊಂದು ಕನ್ನಡ ಪದದ ಎದುರು ಇಂಗ್ಲಿಷ್ ಅರ್ಥ ಬರೆಯುತ್ತ ಹೋದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟನ್ನು ನಾವು ಇವತ್ತಿಗೂ ತೆರೆದು ನೋಡುತ್ತೇವೆ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ತಾವು ಕಲಿಸುತ್ತಿದ್ದ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಹೊಸಗನ್ನಡ ಕಾವ್ಯದ ದಾರಿ ಅಲ್ಲಿ ತಿರುಗಿತು. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಇಡೀ ದೇಶದ ಇಂಗ್ಲಿಷ್ ಬೋಧನೆಯನ್ನು ಹತ್ತಿರದಿಂದ ಕಂಡ ಅವರೇ 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆಯಾಗಬೇಕೆಂಬ ವರದಿ ಕೊಟ್ಟರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಯಾರೂ ಕನ್ನಡಕ್ಕೆ ಹೆದರಲಿಲ್ಲ ಎಂಬುದನ್ನು ಗಮನಿಸಿ. ಕನ್ನಡಕ್ಕೆ ಹೆದರುವುದು ಅರೆಬರೆ ಇಂಗ್ಲಿಷಿನ ಲಕ್ಷಣ.

ಹತ್ತಿರದ ಇನ್ನೊಂದು ಪಾಠವೂ ಇದೆ. 1950ರ ದಶಕದ ಕೊನೆಯಲ್ಲಿ ಮದ್ರಾಸ್ ರಾಜ್ಯದಲ್ಲಿ ಹೊಸ ರಚನಾ ವಿಧಾನದಲ್ಲಿ 27,000 ಇಂಗ್ಲಿಷ್ ಶಿಕ್ಷಕರಿಗೆ ಮರುತರಬೇತಿ ಕೊಡುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ಉರುಳುತ್ತಾ ದೊಡ್ಡದಾಗುವ ಹಿಮದ ಉಂಡೆ ಎಂದು ಅದನ್ನು ಕರೆದರು: ಕೆಲವರಿಗೆ ಕಲಿಸುವುದು, ಅವರು ಮತ್ತೆ ಕೆಲವರಿಗೆ, ಅವರು ಇನ್ನೂ ಹಲವರಿಗೆ. ವಾಕ್ಯದ ಅಚ್ಚುಗಳನ್ನು ಕ್ರಮವಾಗಿ ಗಿಳಿಪಾಠ ಮಾಡಿಸಿದರೆ ಇಂಗ್ಲಿಷ್ ಬಂದೇ ಬರುತ್ತದೆ ಎಂಬುದು ಆ ವಿಧಾನದ ಭರವಸೆ. ಇಪ್ಪತ್ತು ವರ್ಷ ಕಳೆದ ಮೇಲೆ ಆ ಭರವಸೆಯ ಮೇಲೆ ಅತೃಪ್ತಿ ಹುಟ್ಟಿ, ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಬೇರೆ ದಾರಿ ಹುಡುಕಬೇಕಾಯಿತು. ಒಂದೇ ಪ್ಯಾಕೇಜನ್ನು ಮೇಲಿನಿಂದ ಕೆಳಕ್ಕೆ ಸುರಿಯುವ ತರಬೇತಿಯಲ್ಲಿ, ಪ್ರತಿ ಮೆಟ್ಟಿಲಿಳಿಯುವಾಗಲೂ ‘ಏಕೆ’ ಎಂಬುದು ಸೋರಿಹೋಗಿ ‘ಹೇಗೆ’ ಎಂಬ ಚಿಪ್ಪು ಮಾತ್ರ ಉಳಿಯುತ್ತದೆ. ಇವತ್ತು ಕೆಲವೇ ದಿನಗಳ ತರಬೇತಿ ಕೊಟ್ಟು ಇಂಗ್ಲಿಷ್ ಮಾಧ್ಯಮ ತೆರೆಯುವವರು ಈ ಹಳೆಯ ಕತೆಯನ್ನು ಒಮ್ಮೆ ಓದಬೇಕು.

ಪ್ರಭು ಮಾಡಿದ್ದೇನು? 1979ರಿಂದ 1984ರವರೆಗೆ, ಬೆಂಗಳೂರಿನಲ್ಲಿ 1963ರಲ್ಲಿ ಶುರುವಾಗಿದ್ದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನೊಂದಿಗೆ, ಬೆಂಗಳೂರು, ಮದ್ರಾಸು ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಪಾಠ ಬಿಟ್ಟು ಮಕ್ಕಳ ಮುಂದೆ ಒಂದು ಸಮಸ್ಯೆ ಇಟ್ಟರು: ಈ ರೈಲಿನ ವೇಳಾಪಟ್ಟಿ ನೋಡಿ, ಯಾವ ಗಾಡಿ ಹತ್ತಿದರೆ ಊಟದ ಹೊತ್ತಿಗೆ ಊರು ಸೇರಬಹುದು, ಈ ನಕಾಶೆ ನೋಡಿ, ಯಾವ ದಾರಿ ಹತ್ತಿರ. ಮೊದಲು ಇಡೀ ತರಗತಿ ಟೀಚರ ಜೊತೆ ಸೇರಿ ಒಂದು ಲೆಕ್ಕ ಬಿಡಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬರೂ ಒಬ್ಬೊಬ್ಬರೇ ಬಿಡಿಸುವುದು. ತಲೆ ಸಮಸ್ಯೆಯ ಮೇಲಿದ್ದರೆ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಇನ್ನೂ ಮುಖ್ಯ ಸಂಗತಿ ಇದೆ. ಪಾತ್ರ ಹಾಕಿ ನಾಟಕದಂತೆ ಮಾತಾಡುವುದು, ಜೋಡಿ ಜೋಡಿಯಾಗಿ ಹರಟುವುದು ಆಗ ಪಶ್ಚಿಮದಲ್ಲಿ ಹೊಸ ಫ್ಯಾಷನ್. ಪ್ರಭು ಅದನ್ನು ಹಾಗೆಯೇ ತರಲಿಲ್ಲ. ಟೀಚರು ಮುಂದೆ ನಿಂತು ನಡೆಸುವ ತರಗತಿ ಇಲ್ಲಿನ ಮಕ್ಕಳಿಗೆ ಒಗ್ಗಿದ್ದು, ಅದನ್ನೇ ಚೆನ್ನಾಗಿ ಬಳಸಿದರು. 1987ರಲ್ಲಿ ಅವರು ಬರೆದ ಪುಸ್ತಕದ ಮೂಲಕ ‘ಬೆಂಗಳೂರು ಪ್ರಯೋಗ’ ಲೋಕದ ಇಂಗ್ಲಿಷ್ ಶಿಕ್ಷಕರ ಪಾಠವಾಯಿತು. ಯಾವ ವಿಧಾನವೂ ಎಲ್ಲ ಕಡೆಗೂ ಸರ್ವಶ್ರೇಷ್ಠವಲ್ಲ, ಕಲಿಸುವವರ ಒಳಗಿನ ತಿಳಿವಳಿಕೆ ಜೀವಂತವಾಗಿರಬೇಕು ಎಂದು 1990ರಲ್ಲಿ ಅವರು ವಾದಿಸಿದರು. ಲೋಕ ಬೆಂಗಳೂರಿನಿಂದ ಕಲಿತದ್ದನ್ನು ಕರ್ನಾಟಕ ಕಲಿಯದೆ ಉಳಿದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಆದಿವಾಲದ ಶಾಲೆಗೆ ರೈಲಿನ ವೇಳಾಪಟ್ಟಿ ಬೇಕಿಲ್ಲ. ಊರಿನಲ್ಲೇ ಬೇಕಾದಷ್ಟು ಇಂಗ್ಲಿಷ್ ಬಿದ್ದಿದೆ. ಹೆದ್ದಾರಿಯ ಬೋರ್ಡು, ಲಾರಿಯ ಹಿಂಬದಿ, ಬಿತ್ತನೆ ಬೀಜದ ಪ್ಯಾಕೆಟ್ಟು, ಕೀಟನಾಶಕದ ಬಾಟಲಿ, ಬ್ಯಾಂಕಿನ ಪಾಸ್‌ಬುಕ್ಕು, ಅಜ್ಜಿಯ ಮಾತ್ರೆ ಪಟ್ಟಿ. ಐದನೇ ತರಗತಿಗೆ ಒಂದು ಖಾಲಿ ಗೊಬ್ಬರದ ಚೀಲ ತನ್ನಿ. ಮೇಲೆ 10:26:26 ಎಂದಿದೆ, 50 ಕೆ.ಜಿ. ಎಂದಿದೆ. ಆ ಅಂಕಿಗಳ ಅರ್ಥವೇನು, ಅಪ್ಪ ಇದನ್ನು ಯಾವ ಬೆಳೆಗೆ ಹಾಕುತ್ತಾರೆ ಎಂದು ಮಕ್ಕಳು ಕನ್ನಡದಲ್ಲಿ ಮಾತಾಡಲಿ. ಅವರಲ್ಲಿ ಅರ್ಧ ಜನಕ್ಕೆ ಟೀಚರಿಗಿಂತ ಹೆಚ್ಚು ಗೊತ್ತಿರುತ್ತದೆ. ನೂರಕ್ಕೆ 10 ಪಾಲು ಸಾರಜನಕವಾದರೆ ಚೀಲದಲ್ಲಿ 5 ಕೆ.ಜಿ.; ರಂಜಕ, ಪೊಟ್ಯಾಷ್ ತಲಾ 13 ಕೆ.ಜಿ. ಲೆಕ್ಕ ಬಿಡಿಸಿದ ಮೇಲೆ ಚೀಲದ ಮೇಲಿನ ಇಂಗ್ಲಿಷ್ ಓದಲಿ, ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಬರೆಯಲಿ. ಸಂಜೆ ಮನೆಗೆ ಹೋಗಿ ಕೀಟನಾಶಕದ ಬಾಟಲಿಯ ಮೇಲಿನ ಅಪಾಯದ ಸೂಚನೆಯನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಲಿ. ಆ ಮಗುವಿನ ಇಂಗ್ಲಿಷಿಗೆ ಆ ದಿನ ಮನೆಯಲ್ಲಿ ಮರ್ಯಾದೆ ಬರುತ್ತದೆ. ಅಪ್ಪನಿಗೂ ಶಾಲೆಯ ಮೇಲೆ ನಂಬಿಕೆ ಬರುತ್ತದೆ.

ಕೆಟ್ಟ ದಾರಿ ಹಿಡಿದಿದ್ದೇವೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ನಾಲ್ಕು ಸೂಚನೆಗಳ ಮೇಲೆ ಕಣ್ಣಿಟ್ಟರೆ ಸಾಕು.

ಮೊದಲನೆಯದು, ಮಗು ಪ್ರಶ್ನೆಯ ಮೊದಲ ಎರಡು ಪದ ಕೇಳಿದ ಕೂಡಲೇ ಇಡೀ ಉತ್ತರವನ್ನು ಗಡಗಡ ಒಪ್ಪಿಸುತ್ತದೆ. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರೆ ಸುಮ್ಮನಾಗುತ್ತದೆ. ಓದಿನ ಜಾಗದಲ್ಲಿ ಬಾಯಿಪಾಠ ಕೂತಿದೆ ಎಂಬುದಕ್ಕೆ ಇದು ಗುರುತು.

ಎರಡನೆಯದು, ಕನ್ನಡ ಮಾತಾಡಿದ್ದಕ್ಕೆ ದಂಡ, ಕುತ್ತಿಗೆಗೆ ಬೋರ್ಡು, ಬೆಂಚಿನ ಮೇಲೆ ನಿಲ್ಲಿಸುವುದು. ಖಾಸಗಿ ಶಾಲೆಯಾಗಲಿ ಸರ್ಕಾರಿ ಶಾಲೆಯಾಗಲಿ, ಇಂಥದ್ದು ಒಂದು ದಿನ ನಡೆದರೂ ಆ ಶಾಲೆಯಲ್ಲಿ ಭಯ ಕಲಿಸುತ್ತಿದ್ದಾರೆ, ಇಂಗ್ಲಿಷ್ ಅಲ್ಲ.

ಮೂರನೆಯದು, ಟೀಚರು ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ವಿವರಿಸುತ್ತಾರೆ, ಅಧಿಕಾರಿ ಬಂದ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾರೆ. ಮಕ್ಕಳಿಗೆ ಅರ್ಥವಾಗುವಂತೆ ಕಲಿಸುವುದೇ ಕದ್ದುಮುಚ್ಚಿ ಮಾಡುವ ಕೆಲಸವಾಗಿದೆ ಎಂದಾಯಿತು.

ನಾಲ್ಕನೆಯದು, ಪೋಷಕರ ಸಭೆಯಲ್ಲಿ ತಾಯಂದಿರು ಬಾಯಿ ಬಿಡುವುದನ್ನು ನಿಲ್ಲಿಸುತ್ತಾರೆ. ನೋಟ್‌ಬುಕ್ಕಿನಲ್ಲಿ ಏನಿದೆ ಎಂದು ಓದಲಾಗದ ತಾಯಿ, ತನಗೆ ಇಲ್ಲೇನೂ ಹೇಳಲು ಇಲ್ಲ ಎಂದು ತೀರ್ಮಾನಿಸಿಬಿಡುತ್ತಾಳೆ. ಆ ಮೌನ ಬಂದ ದಿನ ಶಾಲೆ ತನ್ನ ದೊಡ್ಡ ಆಸರೆಯನ್ನು ಕಳೆದುಕೊಂಡಿದೆ.

ಈ ನಾಲ್ಕರಲ್ಲಿ ಎರಡು ಕಂಡರೂ ಎಚ್ಚರಗೊಳ್ಳಬೇಕು. ಮಾಡಬೇಕಾದ್ದು ಕಷ್ಟದ್ದಲ್ಲ. ಸರ್ಕಾರವೇ ಇಟ್ಟ ಹೆಸರು ‘ದ್ವಿಭಾಷಾ ಮಾಧ್ಯಮ’. ಆ ಹೆಸರಿಗೆ ತಕ್ಕಂತೆ ನಡೆದುಕೊಳ್ಳಲಿ: ಇಂಗ್ಲಿಷ್ ಮತ್ತು ಗಣಿತದ ಪಾಠದಲ್ಲಿ ಕನ್ನಡ ಬಳಸುವುದು ತಪ್ಪಲ್ಲ, ಬೋಧನೆಯ ಭಾಗ ಎಂದು ಇಲಾಖೆ ಲಿಖಿತವಾಗಿ ಹೇಳಲಿ. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ನೋಟಿಸ್ ಹೋಗಲಿ. ಚಿತ್ರದುರ್ಗದ ಶಿಕ್ಷಕರ ತರಬೇತಿ ಸಂಸ್ಥೆ (ಡಯಟ್) ಮತ್ತು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಸಿದ್ಧ ಪ್ಯಾಕೇಜು ಒಪ್ಪಿಸುವುದನ್ನು ಬಿಟ್ಟು ತಿಂಗಳಿಗೊಮ್ಮೆ ಟೀಚರುಗಳನ್ನು ಕೂಡಿಸಲಿ. ಈ ತಿಂಗಳು ಯಾವ ಪಾಠ ಮಕ್ಕಳಿಗೆ ಅರ್ಥವಾಗಲಿಲ್ಲ, ಏಕೆ ಎಂಬ ಒಂದೇ ಪ್ರಶ್ನೆಯ ಮೇಲೆ ಮಾತಾಡಲಿ. ಆರು ತಾಲ್ಲೂಕಿನ ಟೀಚರುಗಳು ಸೇರಿ ಈ ಜಿಲ್ಲೆಯ ಮನೆ, ಹೊಲ, ಸಂತೆ, ಕೋಟೆ, ಕಣಿವೆಗಳ ಮೇಲೆ ಒಂದು ಪುಟ್ಟ ಇಂಗ್ಲಿಷ್ ಓದುಪುಸ್ತಕ ಬರೆಯಲಿ. ಅದರಲ್ಲಿ ಅಜ್ಜಿ ಇರಲಿ, ದೊಡ್ಡಪ್ಪನ ಮಕ್ಕಳಿರಲಿ, ಮುದ್ದೆ ಇರಲಿ. ಮೂರನೇ ತರಗತಿಯ ಕೊನೆಗೆ ಪ್ರತಿ ಮಗುವಿನಿಂದಲೂ ಒಂದು ಪುಟ ಕನ್ನಡ, ಅರ್ಧ ಪುಟ ಇಂಗ್ಲಿಷ್ ಓದಿಸಿ, ಅರ್ಥವಾದದ್ದನ್ನು ಅದರದೇ ಮಾತಿನಲ್ಲಿ ಕೇಳಲಿ. ಕನ್ನಡದ ಪುಟವನ್ನೇ ಓದಲಾಗದ ಮಗುವಿಗೆ ಇನ್ನಷ್ಟು ಇಂಗ್ಲಿಷ್ ಸುರಿಯುವುದನ್ನು ಅಲ್ಲಿಗೆ ನಿಲ್ಲಿಸಿ, ಮೊದಲು ಓದು ಕಲಿಸಲಿ. ನಮಗೆ ಬೇಕಾದ ಅಳತೆಗೋಲು ಇದೇ.

ಇವನ್ನೆಲ್ಲ ಸರ್ಕಾರ ಮಾಡಲು ಸಮಯ ಹಿಡಿಯಬಹುದು. ತಾಯಿ ತಂದೆಯರು ಕಾಯಬೇಕಿಲ್ಲ. ಇವತ್ತು ಸಂಜೆ ಮಗು ಶಾಲೆಯಿಂದ ಬಂದಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಇಂಗ್ಲಿಷ್ ಮಾತಾಡಿ ತೋರಿಸು’ ಎನ್ನಬೇಡಿ. ‘ಇವತ್ತಿನ ಇಂಗ್ಲಿಷ್ ಪಾಠದಲ್ಲಿ ಏನಿತ್ತು, ನನಗೆ ನಮ್ಮ ಮಾತಿನಲ್ಲಿ ಹೇಳು’ ಎನ್ನಿ. ಮಗು ಹೇಳಿದರೆ ಅದಕ್ಕೆ ಇಂಗ್ಲಿಷ್ ಬರುತ್ತಿದೆ. ಹೇಳಲು ಬಾರದಿದ್ದರೆ ಮಗುವಿನ ಮೇಲೆ ರೇಗಬೇಡಿ. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ, ಟೀಚರ ಎದುರು ಕೂತು, ಕನ್ನಡದಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.